ಗೌನು ತೊಟ್ಟ ಜಿಂಕೆ ಮತ್ತು ಅತ್ತೆಯ ಬ್ಯೂಕ್

ಅಕ್ಟೋಬರ್ 3

ಸ್ವಸ್ತಿ ಶ್ರೀ ಚತುಶ್ಚಕ್ರ ಸಾರ್ವಭೌಮ, ತುಕ್ಕುಪುರವರಾಧೀಶ್ವರ, ಉಳಿದ ಒಂದೇ ದೀಪದಿಂದ ದಶದಿಕ್ಕುಗಳನ್ನೂ ಬೆಳಗುವ, ಜಜ್ಜಿದ ಮೂತಿಯಲ್ಲೂ ರಾಜಕಳೆ ಸೂಸುವ, ನೆಲ್ಡಾ ಹೆಕ್‌ಮನ್ ಅವರ ಶ್ರೀಮನ್ಮಹಾ ಬ್ಯೂಕ್ ಕಾರು ಪ್ರಭುಗಳ ದಿವ್ಯ ಟೈರುಗಳಡಿಯಲ್ಲಿ, ಅಂದರೆ ಇನ್ನೂ ಗಾಳಿ ಉಳಿಸಿಕೊಂಡಿರುವ ಮೂರು ಟೈರುಗಳಡಿಯಲ್ಲಿ, ಪಾಮರ ಬ್ರೈಸ್ ಹೆಕ್‌ಮನ್, ವಯಸ್ಸು ಹತ್ತೊಂಬತ್ತು, ಸಾಷ್ಟಾಂಗ ಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಾವು ಇಂದು ಬೆಳಿಗ್ಗೆ ಅಧಿಕೃತವಾಗಿ ತೀರಿಕೊಂಡಿರಿ.

ಇನ್ಶೂರೆನ್ಸ್ ಕಂಪನಿಯವರ ಪತ್ರ ಬಂದಿದೆ. ತಮ್ಮನ್ನು ರಿಪೇರಿ ಮಾಡಿಸುವುದಕ್ಕಿಂತ ಹೂಳುವುದು ಅಗ್ಗವಂತೆ. ತಮ್ಮ ಹಕ್ಕುಪತ್ರದ ಮೇಲೆ ‘ಗುಜರಿ’ ಎಂಬ ಮುದ್ರೆ ಬೀಳಲಿದೆ. ಇನ್ನು ತಾವು ಸ್ವಂತ ಚಕ್ರಗಳ ಮೇಲೆ ರಸ್ತೆಗೆ ಇಳಿಯುವಂತಿಲ್ಲ. ರಿಪೇರಿ ಮುಗಿದು, ಹೆದ್ದಾರಿ ಪೊಲೀಸರ ತಪಾಸಣೆಯಲ್ಲಿ ಪಾಸಾಗಿ, ‘ಮತ್ತೆ ಕಟ್ಟಿದ್ದು’ ಎಂಬ ಹೊಸ ಮುದ್ರೆ ಬಿದ್ದರೆ ಮಾತ್ರ ಪುನರ್ಜನ್ಮ.

ಮರಣಕ್ಕೆ ಕಾರಣ: ಒಂದು ಜಿಂಕೆ. ಬೇಟೆಗಾರರು ಬಾಣ ಬಿಟ್ಟು ಅಭ್ಯಾಸ ಮಾಡುವ ಸ್ಪಂಜಿನ ಜಿಂಕೆ. ಅದಕ್ಕೆ ಹೈಸ್ಕೂಲಿನ ಪದವಿ ಸಮಾರಂಭದ ಕಪ್ಪು ಗೌನು ತೊಡಿಸಿ, ಕೊಂಬಿಗೆ ಚೌಕದ ಟೋಪಿ ಸಿಕ್ಕಿಸಿ, ಮಂಜು ಮುಸುಕಿದ ಬೆಳಿಗ್ಗೆ ಮೋರಿಯ ತಿರುವಿನಲ್ಲಿ ರಸ್ತೆಯ ನಡುವೆ ನಿಲ್ಲಿಸಿದವನು ಈ ಪಾಮರನೇ. ಜಿಂಕೆ ಕಾಯುತ್ತಿದ್ದುದು ನನ್ನ ಗೆಳೆಯ ಕೋಡಿಗಾಗಿ. ಬಂದದ್ದು ಅತ್ತೆ.

ಯಾರು ನಿಲ್ಲಿಸಿದ್ದೆಂದು ಪತ್ತೆ ಮಾಡಲು ಪೊಲೀಸರಿಗೆ ಕಷ್ಟವೇನೂ ಆಗಲಿಲ್ಲ. ಗೌನಿನ ಕಾಲರಿನ ಒಳಗೆ ನನ್ನ ಹೆಸರಿನ ಪಟ್ಟಿ ಹೊಲಿದಿತ್ತು. ಹೊಲಿದವರು ಅತ್ತೆ.

ಅಕ್ಟೋಬರ್ 4

ಇತಿಹಾಸಕಾರರ ಅನುಕೂಲಕ್ಕಾಗಿ ಬರೆದಿಡುತ್ತೇನೆ. ನೆಲ್ಡಾ ಅತ್ತೆ ಅಪ್ಪನ ಅಕ್ಕ. ನಾನು ಹುಟ್ಟುವುದಕ್ಕೂ ಮುಂಚಿನಿಂದ ಹಳ್ಳಿಯ ರಸ್ತೆಗಳಲ್ಲಿ ಅಂಚೆ ಹಂಚುತ್ತಿದ್ದಾರೆ. ನಮ್ಮ ಕಡೆಯ ರೂಟಿಗೆ ಸರಕಾರ ಗಾಡಿ ಕೊಡುವುದಿಲ್ಲ, ಸ್ವಂತದ್ದೇ ತರಬೇಕು. ಮನೆಮನೆಯ ಅಂಚೆಪೆಟ್ಟಿಗೆಗಳೆಲ್ಲ ರಸ್ತೆಯ ಬಲಬದಿಗೆ, ಸ್ಟಿಯರಿಂಗ್ ಎಡಬದಿಗೆ. ಅತ್ತೆ ಬಲಗಡೆ ಕೂತು, ಎಡಗಾಲನ್ನು ಅಡ್ಡಡ್ಡ ಚಾಚಿ ಪೆಡಲ್ ತುಳಿಯುತ್ತಾರೆ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿಯುತ್ತಾರೆ, ಬಲಗೈಯನ್ನು ಕಿಟಕಿಯಿಂದ ಹೊರಗೆ ನೀಡಿ ಪೆಟ್ಟಿಗೆಗೆ ಪತ್ರ ಹಾಕುತ್ತಾರೆ. ಇಡೀ ದಿನ. ಇದಕ್ಕೆ ಮುಂದಿನ ಸೀಟು ಸೋಫಾದ ಹಾಗೆ ಉದ್ದಕ್ಕೆ ಒಂದೇ ಇರಬೇಕು, ನಡುವೆ ಏನೂ ಅಡ್ಡ ಇರಬಾರದು. ಅಂಥ ಕಾರನ್ನು ಈಗ ಯಾರೂ ಮಾಡುವುದಿಲ್ಲ. ಅದಕ್ಕೇ ಅತ್ತೆ ಸತ್ತ ಬ್ಯೂಕನ್ನು ಇನ್ಶೂರೆನ್ಸಿನವರಿಂದ ವಾಪಸ್ ಕೊಂಡುಕೊಳ್ಳುತ್ತಿದ್ದಾರೆ.

ಜಿಂಕೆಯನ್ನು ತಪ್ಪಿಸಲು ಹೋಗಿ ಮೋರಿಯ ಕಟ್ಟೆಗೆ ಬಡಿದದ್ದು ಕಾರಿನ ಬಲಬದಿ. ಅತ್ತೆ ಕೂತಿದ್ದ ಬದಿ. ಮಣಿಕಟ್ಟು ಮುರಿದಿದೆ.

ಪಟ್ಟಿ ಬಿಚ್ಚುವವರೆಗೆ ಅವರಿಗೆ ರಜೆ. ಡಿಸೆಂಬರಿನ ಮೊದಲ ಸೋಮವಾರ ಗಾಡಿ ಸಮೇತ ಬರದಿದ್ದರೆ ರೂಟು ಬದಲಿಯವನಿಗೆ ಖಾಯಂ ಆಗುತ್ತದೆ ಎಂದು ಪೋಸ್ಟ್‌ಮಾಸ್ಟರ್ ಹೇಳಿದ್ದಾರೆ. ಪಾಪ, ಹೇಳುವಾಗ ಅವರೂ ನೆಲ ನೋಡುತ್ತಿದ್ದರಂತೆ.

ಅಪ್ಪ ಇವತ್ತು ನನಗೆ ಆಡಿದ್ದು ಒಂದೇ ಮಾತು. “ಜಿಂಕೆ ಮಹಾಸ್ವಾಮಿಗಳು ನಾಳೆಯಿಂದ ಕೊಟ್ಟಿಗೆಗೆ ದಯಮಾಡಿಸ್ಬೇಕು. ಸ್ಪ್ಯಾನರ್ ಕಾಯ್ತಾ ಇದೆ.”

ಅಕ್ಟೋಬರ್ 9

ಅಪ್ಪ ಕೆಲಸ ಮಾಡುವ ಧಾನ್ಯದ ಗೋದಾಮಿಗೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಮೆಕ್ಕೆಜೋಳದ ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬ ಡ್ರೈವರ್ ನನ್ನನ್ನು ಕಂಡವನೇ ಎರಡೂ ಕೈಗಳನ್ನು ತಲೆಯ ಮೇಲೆ ಕೊಂಬಿನ ಹಾಗೆ ಇಟ್ಟುಕೊಂಡ. ಹಿಂದಿನ ಲಾರಿಯವನೂ ಇಟ್ಟುಕೊಂಡ. ಸಾಲಿನ ಕೊನೆಯವರೆಗೂ ಕೊಂಬುಗಳೇ. ನಾನು ಸೊಂಟ ಬಗ್ಗಿಸಿ ರಾಜಮರ್ಯಾದೆಯಿಂದ ವಂದಿಸಿದೆ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಡಬ್ಬಿ ಇಸಿದುಕೊಂಡು ಬೆನ್ನು ತಿರುಗಿಸಿದರು.

ಅಕ್ಟೋಬರ್ 19

ಪ್ರಭುಗಳ ಬಲಬಾಗಿಲಿಗಾಗಿ ನಡೆದ ದಿಗ್ವಿಜಯ ಇಂದು ಮುಗಿಯಿತು. ಮೂರು ಗುಜರಿ ಅಂಗಡಿಗಳಲ್ಲಿ ಸಿಗದ ಬಾಗಿಲು ನಮ್ಮೂರಿನ ಲೋವೆಲ್ ತಾತನ ಕುರಿ ಹೊಲದಲ್ಲಿ ಸಿಕ್ಕಿತು. ಅದೇ ಮಾದರಿಯ ಹಸಿರು ಬ್ಯೂಕ್ ಒಂದು ಅಲ್ಲಿ ವರ್ಷಗಳಿಂದ ಕೋಳಿಗೂಡಾಗಿದೆ. ಬಾಗಿಲು ಬಿಚ್ಚುವಾಗ ಕೋಳಿಗಳು ನನ್ನ ವಂಶವನ್ನೆಲ್ಲ ಬೈದವು.

ತಾತ ಒಂಟಿ ಮನುಷ್ಯ, ಬಾಯಲ್ಲಿ ಮೂರು ಹಲ್ಲು, ಮಾತು ಕಡಿಮೆ. “ದುಡ್ಡು ಬ್ಯಾಡ. ನೆಲ್ಡಾ ಕಾರಿಗೆ ತಾನೇ? ಬೇಲಿ ಬಿದ್ದೈತೆ, ಒಂದು ಕಡೆ ಎತ್ತಿ ನಿಲ್ಸಿ ಕೊಡು, ಸಾಕು” ಅಂದರು.

ಆದರೆ ತಪಾಸಣೆಯವರಿಗೆ ಪ್ರತಿ ಬಿಡಿಭಾಗಕ್ಕೂ ಚೀಟಿ ಬೇಕು. ಯಾರಿಂದ ಬಂತು, ಯಾವ ನಂಬರಿನ ಕಾರಿನದು ಎಂದು ಬರೆದಿರಬೇಕು. ಕದ್ದ ಮಾಲಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಾನು ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದೆ. ಬರೆಯುತ್ತಾ ಬರೆಯುತ್ತಾ ಸರಸ್ವತಿ ನಾಲಿಗೆಯ ಮೇಲೆ ಕುಣಿದಳು:

‘ಮಾರಿದವರು: ಕುಕ್ಕುಟ ಕುಲತಿಲಕ, ಮೇಷಮಂಡಲೇಶ್ವರ, ತ್ರಿದಂತ ಚಕ್ರವರ್ತಿ, ಹಿಕ್ಕೆ ಸಿಂಹಾಸನಾರೂಢ ಲೋವೆಲ್ ಮಹಾಪ್ರಭುಗಳು.’

“ಏನು ಬರ್ದೆ?” ಎಂದು ತಾತ ಕೇಳಿದರು.

“ಬಾಗಿಲು ಕೊಟ್ಟಿದೀರಿ ಅಂತ, ತಾತ.”

ಅವರು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಚಿತ್ರ ಬರೆಯುವ ಹಾಗೆ ನಿಧಾನವಾಗಿ ಸೈನ್ ಹಾಕಿದರು. ದಾರಿಯುದ್ದಕ್ಕೂ ನಕ್ಕೆ. ಸರಕಾರಿ ಚೀಟಿಯನ್ನು ಯಾರು ಓದುತ್ತಾರೆ? ಇಷ್ಟು ದಿನಗಳಲ್ಲಿ ಮನಸ್ಸು ಹಗುರಾದದ್ದು ಇವತ್ತೇ.

ಅಕ್ಟೋಬರ್ 28

ಅತ್ತೆ ದಿನಾ ಮಧ್ಯಾಹ್ನ ಕೊಟ್ಟಿಗೆಗೆ ಬರುತ್ತಾರೆ. ಬೈದರೆ ನನಗೂ ಏನಾದರೂ ಉತ್ತರ ಹೊಳೆದೀತು. ಬೈಯುವುದಿಲ್ಲ. ಕಾರೊಳಗೆ ಬಲಗಡೆ ಕೂತು, ಎಡಗಾಲು ಚಾಚಿ, ಬಾಗಿಲಿಲ್ಲದ ಬದಿಯಿಂದ ಗಾಳಿಗೆ ಪತ್ರ ಹಾಕುತ್ತಾರೆ, ಪಟ್ಟಿ ಕಟ್ಟಿದ ಕೈಯಲ್ಲೇ. ಕೈಗೆ ಕೆಲಸ ಮರೆತುಹೋಗಬಾರದಂತೆ.

ಇವತ್ತು ಸ್ಯಾಂಡ್‌ವಿಚ್ ತಂದಿದ್ದರು. ನಾನು ಕಾರಿನಡಿಯಲ್ಲಿ ಮಲಗಿದ್ದೆ. ಅವರ ಬೂಟು ಮಾತ್ರ ಕಾಣುತ್ತಿತ್ತು.

“ಒಂದು ಮಾತು ಹೇಳ್ಲಾ ಬ್ರೈಸ್?”

ಬಂತು, ಎಂದುಕೊಂಡೆ.

“ಆ ಜಿಂಕೆಗೆ ಗೌನು ನಿನಗಿಂತ ಚೆನ್ನಾಗಿ ಒಪ್ಪಿತ್ತು ಕಣೋ.”

ಬೂಟು ಹೊರಟುಹೋಯಿತು. ನಾನು ಅಡಿಯಲ್ಲೇ ಬಹಳ ಹೊತ್ತು ಮಲಗಿದ್ದೆ. ಬಿಗಿಯಬೇಕಾದ ನಟ್ಟು ಒಂದೂ ಇರಲಿಲ್ಲ.

ನವೆಂಬರ್ 5

ರೇಡಿಯೇಟರ್ ಕೂತಿತು. ಕೈ ತರಚಿತು. ಚಳಿ.

ನವೆಂಬರ್ 12

ಹಸಿರು ಬಾಗಿಲನ್ನು ತೊಳೆದು ತೊಳೆದು ಕೋಳಿಯ ವಾಸನೆ ಹೋಗಿಸಿ ಅತ್ತೆಯ ಕಂದು ಕಾರಿಗೆ ಕೂರಿಸಿದೆವು. ಬಣ್ಣ ಹೊಡೆಯೋಣ ಎಂದೆ. ಅತ್ತೆ ಬೇಡವೆಂದರು. “ಜನಕ್ಕೆ ದೂರದಿಂದ್ಲೇ ಗೊತ್ತಾಗ್ಲಿ, ಅಂಚೆ ಬಂತು ಅಂತ.”

ಕಿಟಕಿ ಅರ್ಧಕ್ಕೆ ಇಳಿದು ಸಿಕ್ಕಿಕೊಳ್ಳುತ್ತಿತ್ತು. ಅವರ ಕೆಲಸವೆಲ್ಲ ಆ ಕಿಟಕಿಯಲ್ಲೇ ಇದೆ. ಒಳಗಿನ ಸರಿಗೆ ಬಿಚ್ಚಿ, ಗ್ರೀಸು ಹಚ್ಚಿ, ಮತ್ತೆ ಹಾಕಿದೆ. ಸರಿಯಾಗಲಿಲ್ಲ. ಮತ್ತೆ ಬಿಚ್ಚಿದೆ. ಅಪ್ಪ ಲೈಟು ಹಿಡಿದು ನಿಂತಿದ್ದರು. “ಊಟಕ್ಕೆ ಬಾರೋ” ಎಂದು ಎರಡು ಸಲ ಕರೆದರಂತೆ. ನನಗೆ ಕೇಳಿಸಲಿಲ್ಲ.

ನವೆಂಬರ್ 19

ಕಾರನ್ನು ಟ್ರೇಲರಿನ ಮೇಲೆ ಹೇರಿಕೊಂಡು ತಪಾಸಣೆಗೆ ಹೋದೆವು. ಅಪ್ಪ, ಅತ್ತೆ, ನಾನು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂತಿದ್ದೆವು.

ಅಧಿಕಾರಿ ಒಬ್ಬ ಹೆಂಗಸು. ಕಾರಿನ ನಂಬರುಗಳನ್ನು ಟಾರ್ಚು ಬಿಟ್ಟು ನೋಡಿದರು. ಚೀಟಿಗಳನ್ನು ಒಂದೊಂದಾಗಿ ಮಗುಚಿದರು. ರೇಡಿಯೇಟರ್, ದೀಪ, ಮಡ್‌ಗಾರ್ಡ್. ಆಮೇಲೆ ನಿಂತರು. ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಓದಿದರು, ಗಟ್ಟಿಯಾಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ:

“ಕುಕ್ಕುಟ ಕುಲತಿಲಕ. ಮೇಷಮಂಡಲೇಶ್ವರ. ತ್ರಿದಂತ ಚಕ್ರವರ್ತಿ. ಹಿಕ್ಕೆ ಸಿಂಹಾಸನಾರೂಢ.”

ಆ ಶೆಡ್ಡಿನಲ್ಲಿ ಮಾತು ಪ್ರತಿಧ್ವನಿಸುತ್ತದೆ. ಪಕ್ಕದ ಕಾರಿನವರೂ ತಿರುಗಿ ನೋಡಿದರು.

“ಬಾಗಿಲಿನ ನಂಬರ್ ಸರಿ ಇದೆ. ಈ ಚಕ್ರವರ್ತಿಗಳ ಪೂರ್ತಿ ಹೆಸರು, ವಿಳಾಸ?”

“ತಮಾಷೆಗೆ ಬರೆದದ್ದು ಮೇಡಂ. ಅವರು ಲೋವೆಲ್ ಅಂತ, ನಮ್ಮೂರಿನ...”

“ತಮಾಷೆ ಚೆನ್ನಾಗಿದೆ. ಚೀಟಿ ಚೆನ್ನಾಗಿಲ್ಲ. ಸರಿಯಾದ್ದು ಮಾಡಿಸ್ಕೊಂಡು ಮುಂದಿನ ಬುಧವಾರ ಬನ್ನಿ. ಅದಕ್ಕೆ ಮುಂಚೆ ಜಾಗ ಇಲ್ಲ.”

ಕಾರನ್ನು ಮತ್ತೆ ಟ್ರೇಲರಿಗೆ ಹೇರಿದೆವು. ಅರ್ಧ ದಾರಿಗೆ ಬಂದ ಮೇಲೆ ಅತ್ತೆ ಕೇಳಿದರು.

“ಲೋವೆಲ್ ಅದನ್ನ ನೋಡಿ ಸೈನ್ ಹಾಕಿದ್ನಾ?”

“ಹಾಕಿದ್ರು ಅತ್ತೆ.”

“ಹಾಕಿದ್ನಾ ಅಂತ ಕೇಳ್ಲಿಲ್ಲ. ನೋಡಿದ್ನಾ ಅಂತ ಕೇಳ್ದೆ.”

ನಾನು ಕಿಟಕಿಯಾಚೆ ನೋಡಿದೆ. ಕೊಯ್ಲಾದ ಹೊಲಗಳು.

“ಅವನಿಗೆ ಓದಕ್ಕೆ ಬರಲ್ಲ ಬ್ರೈಸ್. ಅವನಿಗೆ ಬಂದ ಪತ್ರಾನ ಕಾರು ನಿಲ್ಸಿ ನಾನೇ ಓದಿ ಹೇಳ್ತೀನಿ. ಇಷ್ಟು ವರ್ಷ ಯಾರಿಗೂ ಗೊತ್ತಿರ್ಲಿಲ್ಲ. ನಿಮ್ಮಪ್ಪನಿಗೂ ಗೊತ್ತಿರ್ಲಿಲ್ಲ. ಇವತ್ತು ಹೇಳಿಬಿಟ್ಟೆ. ಛೆ” ಎಂದರು.

ಆ ‘ಛೆ’ ಅವರು ತಮಗೇ ಹೇಳಿಕೊಂಡದ್ದು. ನನಗೆ ಹೇಳಿದ್ದರೆ ಚೆನ್ನಾಗಿತ್ತು.

ನವೆಂಬರ್ 20

ಹೊಸ ಚೀಟಿ ಬರೆದುಕೊಂಡು ಲೋವೆಲ್ ತಾತನ ಮನೆಗೆ ಹೋದೆ. ಹೆಸರು, ವಿಳಾಸ, ಕಾರಿನ ನಂಬರು, ಅಷ್ಟೇ. ಅಡುಗೆಮನೆಯಲ್ಲಿ ಕೂರಿಸಿದರು. ಮೇಜಿನ ಮೇಲೆ ಮೊಟ್ಟೆಬುಟ್ಟಿ. ಬುಟ್ಟಿಯಲ್ಲಿ ಮೊಟ್ಟೆ ಇರಲಿಲ್ಲ. ಒಡೆಯದ ಲಕೋಟೆಗಳು ತುಂಬಿದ್ದವು. ಬದಲಿಯವನು ಪತ್ರಗಳನ್ನು ಪೆಟ್ಟಿಗೆಗೆ ಹಾಕಿ ಹೋಗುತ್ತಾನೆ. ಅವನ ಕೆಲಸ ಅಷ್ಟೇ.

“ಹಳೇ ಚೀಟಿಗೆ ಏನಾಯ್ತು?”

“ನೀರು ಬಿತ್ತು ತಾತ.” ಈ ಸುಳ್ಳನ್ನು ದಾರಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ.

“ಓದು ಮತ್ತೆ ಇದನ್ನ.”

ಓದಿದೆ. ತಲೆಯಾಡಿಸುತ್ತಾ ಕೇಳಿದರು. ಪೆನ್ನು ಕೈಗೆ ತೆಗೆದುಕೊಂಡರು. ಆಮೇಲೆ, “ಹಳೇದ್ರಲ್ಲೂ ಇಷ್ಟೇ ಇತ್ತಾ? ಅದು ಉದ್ದ ಇತ್ತಲ್ಲ” ಎಂದರು.

ಹಳೆಯ ಚೀಟಿ ನನ್ನ ಜೇಬಿನಲ್ಲೇ ಇತ್ತು. ಒಂದು ಹನಿ ನೀರೂ ಬಿದ್ದಿರಲಿಲ್ಲ. ತೆಗೆದು ಓದಿದೆ. ಯಾಕೆ ಓದಿದೆನೋ ಗೊತ್ತಿಲ್ಲ. ಪದಗಳ ಅರ್ಥವನ್ನೂ ಬಿಡಿಸಿ ಹೇಳಬೇಕಾಯಿತು, ಅವರು ಒಂದೊಂದನ್ನೂ “ಅಂದ್ರೆ?” “ಅಂದ್ರೆ?” ಎಂದು ಕೇಳಿದರು. ಹಿಕ್ಕೆ ಸಿಂಹಾಸನವನ್ನು ವಿವರಿಸುವಾಗ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಮುಗಿದ ಮೇಲೆ ತಾತ ಬಾಯೊಳಗೆ ನಾಲಿಗೆ ಆಡಿಸಿದರು.

“ಮೂರಲ್ಲ, ನಾಲ್ಕವೆ. ಹಿಂದ್ಗಡೆ ಒಂದೈತೆ” ಎಂದರು.

ಪೆನ್ನು ಕೆಳಗಿಟ್ಟರು. “ಚೀಟಿ ಇಲ್ಲೇ ಇಟ್ಟು ಹೋಗು. ನೆಲ್ಡಾ ಬಂದು ಓದ್ಲಿ. ಆಮೇಲೆ ಹಾಕ್ತೀನಿ.”

“ತಾತ, ನೀವು ಸೈನ್ ಹಾಕಿದ್ರೆ ತಾನೇ ಅತ್ತೆ ಕಾರು ಹೊರಡೋದು. ಇದ್ರಲ್ಲಿ ನಾನು ಓದಿದ್ದೇ ಇದೆ. ಆಣೆಗೂ.”

“ನೀನು ಓದಿದ್ದೇ ಅದ್ರಲ್ಲಿ ಐತೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಮಗಾ?”

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದರು. ಬುಟ್ಟಿಯಲ್ಲಿರುವ ಪತ್ರಗಳನ್ನಾದರೂ ಓದಿಕೊಡಲೇ ಎಂದೆ. ಅವರು ಬುಟ್ಟಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ನವೆಂಬರ್ 21

ಬರೆಯುವಂಥದ್ದೇನೂ ಇಲ್ಲ. ತಾತನ ಬೇಲಿಯ ಉಳಿದ ಮೂರು ಬದಿಗಳಲ್ಲಿ ಒಂದನ್ನು ಎತ್ತಿ ನಿಲ್ಲಿಸಿ ಬಂದೆ. ನೆಲ ಹೆಪ್ಪುಗಟ್ಟಿದೆ, ಕಂಬ ಇಳಿಯುವುದಿಲ್ಲ.

ನವೆಂಬರ್ 22

ಇನ್ನೊಂದು ಬದಿ.

ನವೆಂಬರ್ 23

ಚರ್ಚು ಮುಗಿಸಿಕೊಂಡು ಅಪ್ಪ ಅತ್ತೆಯನ್ನು ತಾತನ ಮನೆಗೆ ಕರೆದುಕೊಂಡು ಹೋದರು. ನಾನು ಪಿಕಪ್ಪಿನ ಹಿಂದೆ ಕೂತೆ. ಒಳಗೆ ಹೋದದ್ದು ಅತ್ತೆ ಒಬ್ಬರೇ. ಕಿಟಕಿಯಿಂದ ಕಾಣುತ್ತಿತ್ತು: ಚೀಟಿಯನ್ನು ಓದಿದರು, ತಾತ ಸೈನ್ ಹಾಕಿದರು. ಅದು ಒಂದು ನಿಮಿಷದ ಕೆಲಸ. ಆಮೇಲೆ ಅತ್ತೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮೊಟ್ಟೆಬುಟ್ಟಿಯನ್ನು ಮುಂದಕ್ಕೆ ಎಳೆದುಕೊಂಡರು.

ಬುಟ್ಟಿ ಮುಗಿಯುವವರೆಗೂ ನಾವು ಹೊರಗೆ ಕಾದೆವು. ಅಪ್ಪ ಬೇಲಿಯನ್ನು ಅಲುಗಾಡಿಸಿ ನೋಡಿದರು.

“ಒಂದೇ ಕಡೆ ಅಂದಿದ್ನಲ್ಲ ಅವನು?”

“ಹೂಂ.”

“ಮೂರು ನಿಂತಿದೆ?”

“ಕುರಿ ಆಚೆ ಹೋಗುತ್ತಲ್ಲ ಅಪ್ಪ, ಒಂದೇ ಕಡೆ ನಿಲ್ಸಿದ್ರೆ.”

ಅಪ್ಪ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಅದರಲ್ಲಿ ನೋಡುವುದೇನಿದೆಯೋ.

ವಾಪಸ್ ಬರುವಾಗ ನಾನೂ ಮುಂದೆ ಕೂತಿದ್ದೆ. ಅತ್ತೆ ಹೇಳಿದರು. ಬುಟ್ಟಿಯ ತಳದಲ್ಲಿ ಒಂದು ಮದುವೆಯ ಕರೆಯೋಲೆ ಇತ್ತಂತೆ. ತಾತನ ತಂಗಿಯ ಮೊಮ್ಮಗಳದ್ದು. ‘ಚರ್ಚಿನಲ್ಲಿ ನೀವೇ ನನ್ನ ಕೈ ಹಿಡಿದು ವರನ ಬಳಿಗೆ ನಡೆಸಬೇಕು ಲೋವೆಲ್ ತಾತ’ ಎಂದು ಆ ಹುಡುಗಿ ಕೈಯಲ್ಲಿ ಬರೆದಿದ್ದಳಂತೆ. ಮದುವೆ ಈ ತಿಂಗಳ ಮೊದಲ ವಾರವೇ ಆಗಿಹೋಗಿದೆ.

“ಏನಂದ ಲೋವೆಲ್?” ಎಂದು ಅಪ್ಪ ಕೇಳಿದರು.

“ಇನ್ನೊಂದು ಸಲ ಓದು ಅಂದ.”

ಅಪ್ಪ ರೇಡಿಯೋ ಹಾಕಿದರು. ಆಮೇಲೆ ಅವರೇ ಆರಿಸಿದರು.

ಜಿಂಕೆ ನಿಲ್ಲಿಸಿದ ಬೆಳಿಗ್ಗೆ ನಾನು ಪೊದೆಯ ಹಿಂದೆ ಕೂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಅದನ್ನು ಇಲ್ಲಿ ಬರೆದಿರಲಿಲ್ಲ.

ನವೆಂಬರ್ 26

“ಚಕ್ರವರ್ತಿಗಳು ಸಿಕ್ಕಿದ್ರಾ?” ಎಂದರು ಆ ಅಧಿಕಾರಿ.

“ಲೋವೆಲ್ ರೇ ಸ್ವಿಂಗಲ್, ಮೇಡಂ” ಎಂದೆ.

ಪಾಸು. ಮಧ್ಯಾಹ್ನದೊಳಗೆ ಹಕ್ಕುಪತ್ರಕ್ಕೆ ಹೊಸ ಮುದ್ರೆಯೂ ಬಿತ್ತು. ಅತ್ತೆ ಬಲಗಡೆ ಕೂತು, ಎಡಗಾಲು ಚಾಚಿ, ತಾವೇ ಮನೆಗೆ ಓಡಿಸಿಕೊಂಡು ಬಂದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಎದುರಿಗೆ ಬಂದ ಹುಡುಗನೊಬ್ಬ ಡ್ರೈವರ್ ಜಾಗ ಖಾಲಿ ಇರುವುದನ್ನು ಕಂಡು ಬಾಯಿ ಬಿಟ್ಟ. ಬೇರೆ ದಿನವಾಗಿದ್ದರೆ ಅದರ ಮೇಲೆ ಒಂದು ಪುಟ ಬರೆಯುತ್ತಿದ್ದೆ.

ಮೋರಿಯ ತಿರುವಿನಲ್ಲಿ ಅತ್ತೆ ವೇಗ ತೀರಾ ಕಡಿಮೆ ಮಾಡಿದರು. ಮುಂಚೆ ಹಾಗೆ ಮಾಡುತ್ತಿರಲಿಲ್ಲ.

ನವೆಂಬರ್ 27

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. ನೆಂಟರೆಲ್ಲ ನನ್ನ ಬೆನ್ನು ತಟ್ಟಿದರು. “ಜಿಂಕೆ ಮನುಷ್ಯನಾದ ನೋಡ್ರೋ!” “ಕಾರು ಕಟ್ಟಿ ನಿಲ್ಸಿದಾನಲ್ಲ, ಭೇಷ್!” ಪ್ರತಿ ಸಲವೂ ನಾನು ಎದ್ದು ಅಡುಗೆಮನೆಯಿಂದ ಏನಾದರೂ ತಂದಿಡುತ್ತಿದ್ದೆ. ಅತ್ತೆ ಒಂದು ತಟ್ಟೆ ತುಂಬಿ ಮುಚ್ಚಿಕೊಂಡು ಲೋವೆಲ್ ತಾತನ ಮನೆಗೆ ಹೊರಟರು. ನಾನೂ ಬರುತ್ತೇನೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಕಾರು ಸ್ಟಾರ್ಟ್ ಆಯಿತು. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಈಗ.

ಡಿಸೆಂಬರ್ 1

ಅತ್ತೆ ರೂಟಿಗೆ ಹೊರಟ ಮೊದಲ ದಿನ.

ನಮ್ಮ ಮನೆಗೆ ಇವತ್ತು ಅಂಚೆ ಇರಲಿಲ್ಲ. ಇಲ್ಲದಿದ್ದರೆ ಅವರು ನಿಲ್ಲಿಸುವುದಿಲ್ಲ, ಹಾರ್ನ್ ಹೊಡೆದು ಹೋಗುತ್ತಾರೆ. ಕಳಿಸುವ ಪತ್ರ ಇದ್ದರೆ ಮಾತ್ರ ಪೆಟ್ಟಿಗೆಯ ಪಕ್ಕದ ಕೆಂಪು ಬಾವುಟ ಎತ್ತಿಡಬೇಕು, ಅದನ್ನು ಕಂಡರೆ ನಿಲ್ಲಲೇಬೇಕು. ನಾನು ಬಾವುಟ ಎತ್ತಿ ಪಕ್ಕದಲ್ಲಿ ನಿಂತೆ.

ಹಸಿರು ಬಾಗಿಲು ದೂರದಿಂದಲೇ ಕಂಡಿತು. ಕಾರು ನಿಂತಿತು. ಕಿಟಕಿ ಪೂರ್ತಿ ಕೆಳಗಿತ್ತು, ಆ ಚಳಿಯಲ್ಲೂ. ಅತ್ತೆ ಪಟ್ಟಿ ಬಿಚ್ಚಿದ ಕೈಯನ್ನು ಚಾಚಿ ಪೆಟ್ಟಿಗೆಯ ಬಾಯಿ ತೆರೆದರು. ಒಳಗೆ ಕೈ ಆಡಿಸಿದರು. ಬಗ್ಗಿ ನೋಡಿದರು. ಏನೂ ಇರಲಿಲ್ಲ.

ನನ್ನನ್ನು ನೋಡಿದರು.

ನಾನು ಬಾಯಿ ತೆರೆದೆ.

“ಓಹೋ!” ಎಂದು ಅತ್ತೆ ನಕ್ಕುಬಿಟ್ಟರು. ಮೋರಿಯ ಆ ಬೆಳಿಗ್ಗೆಯಿಂದ ಈಚೆಗೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. “ಮತ್ತೆ ಶುರುವಾಯ್ತಾ ನಿನ್ನ ಆಟ? ಖಾಲಿ ಪೆಟ್ಟಿಗೆಗೆ ಬಾವುಟ! ಅಯ್ಯೋ, ಮೊದಲ ದಿನಾನೇ ಏಮಾರಿದ್ನಲ್ಲೋ ನಾನು. ಸದ್ಯ ಕಣಪ್ಪ, ನೀನೆಲ್ಲಿ ಪೂರ್ತಿ ಒಳ್ಳೆಯವನಾಗಿ ಕೆಟ್ಟುಹೋದ್ಯೋ ಅಂತ ನಿಮ್ಮಪ್ಪ, ನಾನು ಹೆದರಿಬಿಟ್ಟಿದ್ವಿ.”

“ಹೇಗಿತ್ತು ಅತ್ತೆ?” ಎಂದೆ.

“ಕತ್ತೆ” ಎಂದರು. ಬಾವುಟವನ್ನು ಪಟ್ಟನೆ ಕೆಳಕ್ಕೆ ಹೊಡೆದರು. ಕಾರು ಮುಂದಿನ ಪೆಟ್ಟಿಗೆಯತ್ತ ಹೊರಟಿತು. ಅವರು ಇನ್ನೂ ನಗುತ್ತಿದ್ದರು, ಹಿಂದಿನಿಂದ ಭುಜ ಅಲುಗುವುದು ಕಾಣುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನೂ ಇದನ್ನು ಹೇಳಿ ನಕ್ಕರು. ನಾನೂ ನಕ್ಕೆ.

ಅದು ಆಟವಾಗಿರಲಿಲ್ಲ. ‘ತಪ್ಪಾಯ್ತು ಅತ್ತೆ’ ಎನ್ನುವುದನ್ನು ಕಲಿಯುತ್ತಾ ತಿಂಡಿ ತಿಂದಾಗಿನಿಂದ ಅಲ್ಲೇ ನಿಂತಿದ್ದೆ.